ಗಟ್ಟಿ ನೀರು

ಕಲಬುರಗಿಯ ಆಸ್ಪತ್ರೆಯಿಂದ ಚಿತ್ತಾಪುರದ ಮನೆಗೆ ಮರಳಿದಾಗ ನನ್ನ ಬಾಯಲ್ಲಿ ಹೊಸ ಪದಗಳು ತುಂಬಿದ್ದವು. ನನ್ನ ಹೆಂಡತಿಯ ಬಾಯಲ್ಲಿ ಒಂದೇ ಒಂದು ಉಳಿದಿತ್ತು. ಅದು ‘ಬರ್ರಿ’.

ಬಂದವರಿಗೆ ಬರ್ರಿ, ಹೊರಟವರಿಗೂ ಬರ್ರಿ. ಹಸಿವಾದರೆ ಬರ್ರಿ, ಸೂಜಿ ಚುಚ್ಚಿದರೆ ಬರ್ರಿ. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಮೆದುಳಿನ ಎಡಗಡೆಗೆ ಪೆಟ್ಟು ಬಿದ್ದಾಗ ಮಾತು ಹೋಗುತ್ತದೆ, ಕೆಲವರಲ್ಲಿ ರೂಢಿಯ ಒಂದೆರಡು ಪದ ಮಾತ್ರ ಉಳಿದು ಅದೇ ಅದೇ ಹೊರಗೆ ಬರುತ್ತದೆ, ಅದಕ್ಕೆ ಅರ್ಥ ಹಚ್ಚಬೇಡಿ ಎಂದು ಡಾಕ್ಟರು ಹೇಳಿದ್ದರು. ನೋಡಲು ಬಂದ ನೆಂಟರು ಅರ್ಥ ಹಚ್ಚಿದರು. ‘ಎಷ್ಟ್ ಛಂದ ಗುರ್ತ್ ಹಿಡದಳು ನೋಡ್ರಿ, ಬರ್ರಿ ಅಂದಳು,’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ನಿಶ್ಚಿಂತೆಯಿಂದ ಹೊರಗಿನ ಕೋಣೆಯಲ್ಲಿ ಚಹಾ ಕುಡಿದು ಹೋದರು. ಅವಳು ನನ್ನನ್ನೂ ಬರ್ರಿ ಎಂದೇ ಕರೆಯುತ್ತಿದ್ದಳು. ಮೊದಲು ನನ್ನನ್ನು ಮಾಮಾ ಎನ್ನುತ್ತಿದ್ದಳು, ಏಕವಚನದಲ್ಲಿ.

ಅವಳು ನನ್ನ ಅಕ್ಕನ ಮಗಳು. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವುದು ಹೊಸದೇನಲ್ಲ. ಅವ್ವ ಸತ್ತ ಮೇಲೆ ನನ್ನನ್ನು ಕುರಕುಂಟಾದಲ್ಲಿ ತನ್ನ ಮನೆಯಲ್ಲಿಟ್ಟುಕೊಂಡು ಬೆಳೆಸಿದವಳು ಅಕ್ಕ. ಮುಂದೆ ತನ್ನ ಒಬ್ಬಳೇ ಮಗಳನ್ನೂ ನನಗೇ ಕೊಟ್ಟಳು. ಹೀಗಾಗಿ ಅವಳು ನನಗೆ ಅತ್ತೆಯಾದರೂ ನಾನು ಎಂದೂ ಅತ್ತೆ ಎನ್ನಲಿಲ್ಲ. ನನಗೆ ತಲೆ ಬಾಚಿದ ಕೈ ಅದು.

ಪೆಟ್ಟು ಬಿದ್ದದ್ದು ಆ ಅಕ್ಕನ ಮನೆಯಿಂದ ಬರುವಾಗ. ಸೇಡಂನಿಂದ ಮಳಖೇಡದ ಕಡೆ ಬರುವ ಟಂಟಂ ಆಟೋದಲ್ಲಿ ನನ್ನ ಹೆಂಡತಿ ಹಿಂದಿನ ಹಲಗೆಯ ತುದಿಗೆ ರಸ್ತೆಗೆ ಮುಖ ಮಾಡಿ ಕುಳಿತಿದ್ದಳು. ಸಿಮೆಂಟ್ ಲಾರಿಗಳು ಓಡಾಡುವ ಆ ರಸ್ತೆಯಲ್ಲಿ ಬಣ್ಣವಿಲ್ಲದ ಒಂದು ಹಂಪ್ ಇತ್ತು. ಗಾಡಿ ಹಾರಿತು, ಅವಳು ಬಿದ್ದಳು. ಅಕ್ಕ ಕೊಟ್ಟಿದ್ದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಅವಳ ಮಡಿಲಲ್ಲಿತ್ತು. ಅದರ ಮುಚ್ಚಳ ಸಹ ಬಿಚ್ಚಿರಲಿಲ್ಲ. ಡಬ್ಬಿಯನ್ನು ಯಾರೋ ಜೋಪಾನವಾಗಿ ತಂದುಕೊಟ್ಟರು.

ಆಸ್ಪತ್ರೆಯಲ್ಲಿ ನಾನು ಮೊದಲು ಕಲಿತ ಪದ ಸ್ಟೇಬಲ್. ಡಾಕ್ಟರು ಅದನ್ನು ನಡೆಯುತ್ತಲೇ ಹೇಳಿದರು. ಕೇಳಿದ್ದೇ ಅಕ್ಕ ಊರಿಗೆ ಫೋನ್ ಮಾಡಿಸಿ ಮಠಕ್ಕೆ ಕಾಯಿ ಕಳಿಸಿದಳು. ಸ್ಟೇಬಲ್ ಎಂದರೆ ಗುಣವಾಗುತ್ತಿದೆ ಎಂದಲ್ಲ, ಇದ್ದ ಹಾಗೆ ಇದೆ ಎಂದು ಎಂಬುದು ನನಗೆ ತಿಳಿಯುವ ಹೊತ್ತಿಗೆ ಕಾಯಿಯ ಪ್ರಸಾದವೂ ಹಂಚಿ ಮುಗಿದಿತ್ತು. ಗೋಡೆ ಸ್ಟೇಬಲ್. ಬಂಡೆ ಸ್ಟೇಬಲ್. ಯಾರೂ ಅವುಗಳ ಹೆಸರಿನಲ್ಲಿ ಕಾಯಿ ಒಡೆಯುವುದಿಲ್ಲ.

ಆಮೇಲೆ ಜಿಸಿಎಸ್ ಬಂತು. ಕಣ್ಣು ತೆರೆದರೆ ಇಷ್ಟು, ಮಾತಾಡಿದರೆ ಇಷ್ಟು, ಕೈ ಕಾಲು ಆಡಿಸಿದರೆ ಇಷ್ಟು ಎಂದು ಅಂಕ ಹಾಕಿ, ಎಚ್ಚರ ಎಷ್ಟಿದೆ ಎಂದು ಅಳೆಯುವ ಲೆಕ್ಕ. ಕುರಕುಂಟಾದ ಬೀಗರೊಬ್ಬರು ನಿತ್ಯ ಫೋನ್ ಮಾಡಿ, ‘ಇವತ್ತ್ ಮಾರ್ಕ್ಸ್ ಎಷ್ಟ್ ಬಂದಾವ್ರೀ? ಪಾಸ್ ಆಗಂಗ ಅದನೋ ಇಲ್ಲೋ?’ ಎಂದು ಕೇಳುತ್ತಿದ್ದರು. ತಮಾಷೆಗಲ್ಲ, ಕಾಳಜಿಯಿಂದಲೇ. ಆ ಪರೀಕ್ಷೆಯಲ್ಲಿ ಸೊನ್ನೆ ಇಲ್ಲ, ಎಲ್ಲಕ್ಕಿಂತ ಕಡಿಮೆ ಎಂದರೆ ಮೂರು, ಏನೂ ಮಾಡದ ದೇಹಕ್ಕೂ ಮೂರು ಕೊಡುತ್ತಾರೆ ಎಂದು ನರ್ಸ್ ಒಬ್ಬಳು ಹೇಳಿದಳು. ಸತ್ತವರಿಗೂ ಸಿಗುವ ಮೂರು ಅಂಕ. ಅದನ್ನು ನಾನು ಬೀಗರಿಗೆ ಹೇಳಲಿಲ್ಲ.

ಅವಳು ಕಣ್ಣು ತೆರೆದಳು, ಮೂಗಿನ ನಳಿಕೆ ತೆಗೆದರು. ಆಗ ರಿಹ್ಯಾಬ್ ಎಂಬ ಮಾತು ಶುರುವಾಯಿತು. ಪುನಶ್ಚೇತನ ಎಂದು ಕನ್ನಡದಲ್ಲಿ ಬಾಗಿಲ ಮೇಲೆ ಬರೆದಿತ್ತು. ನಾನು ಹತ್ತನೆಯ ತರಗತಿಯವರೆಗೆ ಓದಿದವನು. ಆ ಪದ ಓದಿ, ಒಳಗೆ ಹೋದವರು ಹೊರಗೆ ಮೊದಲಿನಂತೆ ಬರುತ್ತಾರೆ ಎಂದುಕೊಂಡೆ. ಒಳಗೆ ಕೋಲು ಹಿಡಿದ ಗಂಡಸರು ಒಂದೇ ಮೆಟ್ಟಿಲನ್ನು ಹತ್ತಿ ಇಳಿದು ಹತ್ತಿ ಇಳಿದು ಮಾಡುತ್ತಿದ್ದರು. ಅಲ್ಲಿ ಯಾರೂ ಮೊದಲಿನಂತೆ ಎಂಬ ಮಾತನ್ನೇ ಆಡಲಿಲ್ಲ.

ಅಲ್ಲಿ ನುಂಗುವುದನ್ನು ಕಲಿಸುವ ಒಬ್ಬ ಹೆಣ್ಣುಮಗಳಿದ್ದಳು. ನುಂಗುವುದನ್ನೂ ಕಲಿಸಬೇಕಾಗುತ್ತದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಡಿಸ್ಫೇಜಿಯಾ ಎಂದಳು. ಗಂಟಲಿನಲ್ಲಿ ಎರಡು ದಾರಿ, ಒಂದು ಹೊಟ್ಟೆಗೆ, ಒಂದು ಪುಪ್ಪುಸಕ್ಕೆ. ನುಂಗುವಾಗ ಉಸಿರಿನ ದಾರಿ ತಾನಾಗಿ ಮುಚ್ಚಬೇಕು. ಮೆದುಳಿಗೆ ಪೆಟ್ಟು ಬಿದ್ದರೆ ಮುಚ್ಚುವುದು ತಡವಾಗುತ್ತದೆ. ಗಟ್ಟಿ ಪದಾರ್ಥ ನಿಧಾನವಾಗಿ ಇಳಿಯುತ್ತದೆ, ದಾರಿ ಮುಚ್ಚಲು ಪುರಸತ್ತು ಸಿಗುತ್ತದೆ. ನೀರು ಕಾಯುವುದಿಲ್ಲ.

ನಮ್ಮವರ ತಿಳಿವಳಿಕೆ ಇದಕ್ಕೆ ಪೂರಾ ಉಲ್ಟಾ. ಸೊರಗಿದ ಜೀವಕ್ಕೆ ನಾವು ಕೊಡುವುದೇ ತಿಳಿ: ಗಂಜಿಯ ತಿಳಿ, ಮಜ್ಜಿಗೆಯ ತಿಳಿ, ಎಳನೀರು. ಗಟ್ಟಿಯಾದದ್ದು ಗಟ್ಟಿಮುಟ್ಟಾದವರಿಗೆ. ‘ನೀರಿಗೂ ಪುಡಿ ಕಲಸಿ ಕುಡಸೋದೇನ್ರಿ? ಗ್ವಾಡಿಗಿ ಬಳಿಯೋ ಸುಣ್ಣ ಆದಂಗ ಆತಲ್ರಿ,’ ಎಂದಳು ಅಕ್ಕ. ಆ ಹೆಣ್ಣುಮಗಳು ನಗಲಿಲ್ಲ. ಲೋಟದ ನೀರಿಗೆ ಗಟ್ಟಿ ಮಾಡುವ ಪುಡಿ ಹಾಕಿ ತಿರುವಿ, ಚಮಚದಿಂದ ಅದು ಮೆಲ್ಲಗೆ ಜಾರುವುದನ್ನು ತೋರಿಸಿದಳು. ನಾನು ನೆಲಕ್ಕೆ ಹಾಸುವ ಪರ್ಶಿ ಕಲ್ಲಿಗೆ ಪಾಲಿಶ್ ಹಿಡಿಯುವವನು. ಯಂತ್ರದ ಕೆಳಗೆ ನೀರು ಕಲ್ಲಿನ ಹಿಟ್ಟಿನೊಂದಿಗೆ ಸೇರಿ ಹಾಗೆಯೇ ಹರಿಯುತ್ತದೆ. ನನಗೆ ಹದ ಒಂದೇ ಸಲಕ್ಕೆ ತಿಳಿಯಿತು.

‘ನೀರು, ಚಹಾ, ಹಾಲು, ಮಜ್ಜಿಗೆ, ಸಾರು, ಎಳನೀರು, ಯಾವುದೂ ತೆಳ್ಳಗೆ ಕೊಡಬಾರದು. ಕೂರಿಸಿ, ಗದ್ದ ಎದೆಗೆ ತಾಗಿಸಿ, ಒಂದೊಂದೇ ಚಮಚ. ಕೆಮ್ಮಿದರೆ ನಿಲ್ಲಿಸಿ,’ ಎಂದು ಆಕೆ ಅಕ್ಕನಿಂದ ತಿರುಗಿ ಹೇಳಿಸಿದಳು. ಅಕ್ಕ ಒಂದೂ ಬಿಡದೆ ಹೇಳಿದಳು. ಆಕೆ ಎಲ್ಲವನ್ನೂ ಹೇಳಿದ್ದಳು. ನಮ್ಮ ಮನೆಯಲ್ಲಿ ಇನ್ನೊಂದಿತ್ತು, ಅದು ಆಕೆಗೆ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಅಕ್ಕ ಕುರಕುಂಟಾದ ಮನೆಗೆ ಬೀಗ ಹಾಕಿ ನಮ್ಮಲ್ಲೇ ಬಂದು ನಿಂತಳು. ನೀರಿನ ವಿಷಯದಲ್ಲಿ ಅವಳಂಥ ಕಾವಲು ಯಾವ ಆಸ್ಪತ್ರೆಯಲ್ಲೂ ಇರಲಿಲ್ಲ. ಕುಂಚಾವರಂ ಕಡೆಗೆ ಕೊಟ್ಟ ನಮ್ಮ ದೊಡ್ಡಮ್ಮನ ಮಗಳು ಸೇಡಂನಲ್ಲಿ ಬಸ್ ಬದಲಿಸುವಾಗ ಎಳನೀರು ಕೊಂಡು ಬಂದಳು. ಅಲ್ಲಿಯ ತೆಲುಗು ಅವಳ ನಾಲಗೆಗೆ ಅಂಟಿಕೊಂಡಿದೆ.

‘ಅಯ್ಯೋ ತಲ್ಲೀ, ತುಟಿ ಹೆಂಗ ಒಣಗ್ಯಾವ ನೋಡು. ಕೊಂಚೆಂ ಕುಡಸ್ತೀನಿ ತಾಳು.’

‘ಆ ಕಾಯಿ ಅಲ್ಲೇ ಇಡು,’ ಎಂದಳು ಅಕ್ಕ.

‘ಎಳನೀರ ಅಕ್ಕಾ, ಥಂಡ. ಇಷದಂಗ ನೋಡ್ತೀದಲ್ಲ.’

‘ಇಷಾನೇ. ನೀನೇ ಕುಡಿ. ಅಷ್ಟ್ ದೂರದಿಂದ ಹೊತ್ತಕೊಂಡ್ ಬಂದೀದಿ, ನಿನಗೂ ಸೊಂಟ ನೋಯ್ತಿರಬೇಕು.’

‘ಮಗಳಿಗಿ ಹನಿ ನೀರ ಹಾಕಂಗಿಲ್ಲ ಅಂತಾಳ ಈಕಿ. ತಾಯಿ ಅದೀದೋ ಪೊಲೀಸ್ ಅದೀದೋ?’

‘ಪೊಲೀಸ ಅಂತ ತಿಳಕೋ. ನಡಿ ಹೊರಗ, ಕುಂದ್ರು ನಡಿ.’

ಮಂಚದ ಮೇಲಿಂದ ನನ್ನ ಹೆಂಡತಿ, ‘ಬರ್ರಿ,’ ಎಂದಳು. ಬಂದವಳು ನಕ್ಕು, ‘ನೋಡು, ಆಕೀಗರೆ ಜರಾ ಮಾನ ಮರ್ಯಾದಿ ಅದ,’ ಎಂದಳು. ಅಕ್ಕನೂ ನಕ್ಕಳು. ನಾನೂ ನಕ್ಕೆ. ಆ ಮನೆಯಲ್ಲಿ ನಕ್ಕದ್ದು ನೆನಪಿರುವುದು ಅದೊಂದೇ ಸಲ.

ನನ್ನ ಹೆಂಡತಿಗೆ ಚಹಾ ಎಂದರೆ ಜೀವ. ಬಸಿಯಲ್ಲಿ ಸುರಿದು, ಊದಿ, ಮೊದಲ ಗುಟುಕು ನನಗೆ ಕೊಟ್ಟು ಕುಡಿಯುತ್ತಿದ್ದಳು. ಪುಡಿ ಕಲಸಿದ ಚಹಾ ಕೊಟ್ಟಾಗ ಮುಖ ತಿರುಗಿಸಿದಳು. ಅವಳ ಕಣ್ಣ ಮುಂದೆ ಕುಡಿಯಲಾರದೆ ನಾನು ಮನೆಯಲ್ಲಿ ಚಹಾ ಬಿಟ್ಟೆ. ಕೆಲಸ ಮುಗಿಸಿ ಬರುವಾಗ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಕುಡಿದು ಬರುತ್ತಿದ್ದೆ.

ಸ್ವಾಧೀನ ತಪ್ಪಿ ಬಿದ್ದುಹೋಗಿದ್ದ ಅವಳ ಬಲಗೈ ಒಂದು ದಿನ ಮುಷ್ಟಿ ಕಟ್ಟಿತು. ಬಿಡಿಸಲು ಹೋದರೆ ಬಿಡಲಿಲ್ಲ. ‘ಕೈಯಾಗ ತಾಕತ್ ಬಂತು,’ ಎಂದು ಅಕ್ಕ ಓಣಿಗೆಲ್ಲ ಸಕ್ಕರೆ ಹಂಚಿದಳು. ಅದು ತಾಕತ್ತಲ್ಲ, ಸ್ಪಾಸ್ಟಿಸಿಟಿ. ಮೆದುಳಿನ ಹಿಡಿತ ತಪ್ಪಿದ ಸ್ನಾಯು ತಾನೇ ಬಿಗಿದುಕೊಳ್ಳುತ್ತದೆ, ದಿನಾ ಬಿಡಿಸದಿದ್ದರೆ ಹಾಗೇ ಗಟ್ಟಿಯಾಗಿ ನಿಂತುಬಿಡುತ್ತದೆ. ಇದನ್ನು ನಾನು ಹೇಳಿದಾಗ ಅಕ್ಕ, ‘ನೀ ಎಲ್ಲಾದ್ರಾಗೂ ಕೆಟ್ಟದ್ದೇ ಹುಡುಕ್ತೀ ನೋಡು,’ ಎಂದಳು. ನಿಜ ಹೇಳಬೇಕೆಂದರೆ ಆ ರೋಗದಲ್ಲಿ ಒಳ್ಳೆಯದರಂತೆ ಕಾಣುವುದು ಯಾವುದೂ ಒಳ್ಳೆಯದಾಗಿರಲಿಲ್ಲ.

ಕೆಮ್ಮು ನಿಂತದ್ದೂ ಹಾಗೆಯೇ. ಮೊದಮೊದಲು ಉಣಿಸುವಾಗ ಕೆಮ್ಮುತ್ತಿದ್ದಳು. ನಿಲ್ಲಿಸಿ, ಬೆನ್ನು ಸವರಿ, ಮತ್ತೆ ಕೊಡುತ್ತಿದ್ದೆವು. ಬರುಬರುತ್ತ ಕೆಮ್ಮು ಕಡಿಮೆಯಾಗಿ ಪೂರ್ತಿ ನಿಂತಿತು. ಕೆಮ್ಮಿದರೆ ನಿಲ್ಲಿಸಿ ಎಂದಿದ್ದರು, ಕೆಮ್ಮದಿದ್ದರೆ ಏನು ಎಂದು ನಾವು ಕೇಳಿರಲಿಲ್ಲ. ಸಂಜೆ ಸಂಜೆ ಮೈ ಸ್ವಲ್ಪ ಬೆಚ್ಚಗಾಗುತ್ತಿತ್ತು. ನಮ್ಮ ಬೇಸಿಗೆಯಲ್ಲಿ ಪರ್ಶಿ ಹಾಸಿದ ಮನೆಯೊಳಗೆ ಯಾರ ಮೈ ಬೆಚ್ಚಗಿರುವುದಿಲ್ಲ?

ತೋರಿಸಲು ಕಲಬುರಗಿಗೆ ಹೋದಾಗ ನುಂಗುವುದನ್ನು ಕಲಿಸಿದ ಆ ಹೆಣ್ಣುಮಗಳು ಅವಳ ಗಂಟಲಿಗೆ ಸ್ಟೆತೊಸ್ಕೋಪ್ ಇಟ್ಟಳು. ‘ಬರ್ರಿ,’ ಎಂದಳು ನನ್ನವಳು. ಕೇಳಿದಾಕೆಯ ಮುಖ ಗಂಭೀರವಾಯಿತು. ದನಿ ಒದ್ದೆಯಾಗಿದೆ ಎಂದಳು. ಆಸ್ಪಿರೇಷನ್ ಆಗುತ್ತಿರಬಹುದು, ತೆಳ್ಳಗಿನದು ಉಸಿರಿನ ದಾರಿಗೆ ಇಳಿಯುತ್ತಿರಬಹುದು ಎಂದಳು.

‘ಕೆಮ್ಮೇ ಇಲ್ಲಲ್ರಿ ಬಾಯಾರ,’ ಎಂದಳು ಅಕ್ಕ ಸಂತೋಷದಿಂದ.

‘ಕೆಮ್ಮು ಇಲ್ಲದೆಯೂ ಆಗುತ್ತದಮ್ಮ. ಗಂಟಲಿಗೆ ತಿಳಿಯುವುದೇ ನಿಂತಿರುತ್ತದೆ. ಯಾರಾದರೂ ನೀರು ಕೊಡುತ್ತಿದ್ದೀರಾ?’

‘ಹನಿ ನೀರ ಕೊಟ್ಟಿಲ್ರಿ. ನನ್ನ ಕೊರಳಾಗಿನ ಲಿಂಗದ ಆಣಿ.’

ಅಕ್ಕ ಆಣೆ ಮಾಡುವವಳಲ್ಲ. ಅವಳ ಮುಖದಲ್ಲಿ ಸುಳ್ಳು ಇರಲಿಲ್ಲ. ಅದನ್ನು ಆಕೆಯೂ ಕಂಡಳು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿ ನೋಡಿದರು.

‘ಕೆಲವು ಸಲ ಪ್ರೀತಿಯಿಂದ ಕೊಟ್ಟುಬಿಡುತ್ತಾರೆ,’ ಎಂದಳು ಆಕೆ ಮೃದುವಾಗಿ. ಆ ಮೃದುತ್ವವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಎಕ್ಸ್‌ರೇ ಬರೆದುಕೊಟ್ಟಳು, ಔಷಧಿ ಕೊಟ್ಟರು.

ವಾಡಿಯಲ್ಲಿ ಗಾಡಿ ಬದಲಿಸಲು ಪ್ಲಾಟ್‌ಫಾರ್ಮಿನ ಮೇಲೆ ಕುಳಿತಿದ್ದಾಗ ನಾನು ಆ ಪದವನ್ನು ಫೋನಿನಲ್ಲಿ ಹುಡುಕಿದೆ. ಆಸ್ಪಿರೇಷನ್ ಎಂದರೆ ಮಹತ್ವಾಕಾಂಕ್ಷೆ ಎಂದು ಕನ್ನಡದಲ್ಲಿ ಬಂತು. ಫೋನನ್ನು ಜೇಬಿಗೆ ಹಾಕಿದೆ. ಅಕ್ಕ ಗಾಲಿಕುರ್ಚಿಯ ಹಿಡಿಕೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

‘ಖರೇ ಹೇಳು ತಮ್ಮಾ. ಚಹಾ ಕೊಟ್ಟೀದೇನು?’

‘ಇಲ್ಲ.’

‘ನಿನ್ನ ಬಾಯಿ ದಿನಾ ಸಂಜಿಕ ಚಹಾ ನಾರ್ತದ. ಮನ್ಯಾಗಂತೂ ನೀ ಕುಡಿಯಲ್ಲ.’

‘ಹೋಟೆಲ್ನಾಗ ಕುಡೀತೀನಿ.’

‘ಹೋಟೆಲ್ನಾಗ,’ ಎಂದಳು ಅಕ್ಕ. ಅಷ್ಟೇ ಎಂದಳು. ಗಾಲಿಕುರ್ಚಿಯನ್ನು ನನ್ನಿಂದ ಆಚೆ ಸರಿಸಿಕೊಂಡಳು.

ಅಂದಿನಿಂದ ನಾನು ಹೆಂಡತಿಯ ಪಕ್ಕ ಕುಳಿತರೆ ಅಕ್ಕ ಏನಾದರೂ ನೆಪದಿಂದ ಒಳಗೆ ಬರುತ್ತಿದ್ದಳು. ಲೋಟ ಎತ್ತಿ ಮೂಸಿ ಇಡುತ್ತಿದ್ದಳು. ನಾನು ನೋಡುತ್ತಿದ್ದೇನೆ ಎಂದು ಗೊತ್ತಿದ್ದೂ ಮೂಸುತ್ತಿದ್ದಳು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಮಾತ್ರ ಅವಳ ಮುಖ ತಿಳಿಯಾಗುತ್ತಿತ್ತು. ಮಗಳನ್ನು ಕಾಯುವವಳಿಗೆ ಕಳ್ಳ ಹೊರಗೆ ಹೋದ ನೆಮ್ಮದಿ ಅದು ಎಂದು ನನಗೆ ಅರ್ಥವಾಗುತ್ತಿತ್ತು.

ಔಷಧಿಯಿಂದ ಜ್ವರ ಇಳಿಯಿತು. ಕೆಲವು ವಾರ ಬಿಟ್ಟು ಮತ್ತೆ ಏರಿತು. ಈ ಸಲ ಉಸಿರು ಗೊರಗುಟ್ಟಿತು. ಶಹಾಬಾದಿನಿಂದ ಗಾಡಿ ತರಿಸಿ ಕಲಬುರಗಿಗೆ ಒಯ್ದೆವು. ಅಲ್ಲಿ ಎರಡು ಪದ ಒಟ್ಟಿಗೆ ಹೇಳಿದರು, ಆಸ್ಪಿರೇಷನ್ ನ್ಯುಮೋನಿಯಾ. ಈಗ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿಯ ಡಾಕ್ಟರೂ ನೀರಿನ ಪ್ರಶ್ನೆ ಕೇಳಿದರು, ಅಕ್ಕ ಅದೇ ಉತ್ತರ ಕೊಟ್ಟಳು, ಅವರೂ ನನ್ನ ಕಡೆ ನೋಡಿದರು. ಬಾಯಿಗೆ ನಳಿಕೆ ಹಾಕಿದ ಮೇಲೆ ಅವಳಿಗೆ ಬರ್ರಿ ಎನ್ನಲೂ ಆಗಲಿಲ್ಲ. ಕೊನೆಗೆ ಡಾಕ್ಟರು ಹೊರಗೆ ಬಂದು ಸ್ಟೇಬಲ್ ಅಲ್ಲ ಎಂದರು. ಆ ಪದಕ್ಕೆ ಬೆಲೆ ಇದ್ದದ್ದು ಆಗಲೇ ಎಂದು ತೋರುತ್ತದೆ.

ಕುರಕುಂಟಾದ ಹೊಲದಲ್ಲಿ, ಅಕ್ಕನ ಗಂಡನ ಪಕ್ಕದಲ್ಲಿ, ಹಣೆಗೆ ವಿಭೂತಿ ಹಚ್ಚಿ ಕೂರಿಸಿ ಮಣ್ಣು ಕೊಟ್ಟೆವು. ಬೇವಿನ ನೆರಳಿನಲ್ಲಿ ನಿಂತ ಗಂಡಸರು ನಾನು ಹತ್ತಿರ ಹೋದಾಗ ಮಾತು ನಿಲ್ಲಿಸಿದರು. ಮಾರ್ಕ್ಸ್ ಕೇಳುತ್ತಿದ್ದ ಬೀಗರು ನನ್ನ ಭುಜದ ಮೇಲೆ ಕೈ ಇಟ್ಟರು.

‘ಆಸಿಪಟ್ಟಾಳ, ಕೊಟ್ಟೀದಿ. ತಪ್ಪಿಲ್ಲ ಬಿಡು. ಒಂದ್ ಗುಟುಕ ಚಹಾನರೆ ಕುಡದು ಹೋದಳಲ್ಲ.’

ಊರಿಗೆ ಊರೇ ಅದನ್ನು ನಂಬಿತ್ತು. ಕ್ಷಮಿಸಿಯೂ ಬಿಟ್ಟಿತ್ತು.

ಮರುದಿನ ಅಕ್ಕನನ್ನು ಕರೆದುಕೊಂಡು ಚಿತ್ತಾಪುರಕ್ಕೆ ಬಂದೆ. ಅವಳು ತಾನೇ ಬಂದಳು, ಆ ಖಾಲಿ ಮನೆಯಲ್ಲಿ ಒಬ್ಬಳೇ ಇರಲಾರೆ ಎಂದು. ನಮ್ಮಲ್ಲಿ ಸೂತಕವಿಲ್ಲ, ಸಾವಿನ ಮನೆಯಲ್ಲೂ ಲಿಂಗಪೂಜೆ ತಪ್ಪುವುದಿಲ್ಲ. ಅದರ ಮರುದಿನ ಬೆಳಿಗ್ಗೆ ಅಕ್ಕ ಎಂದಿನಂತೆ ಸ್ನಾನ ಮಾಡಿ ಪೂಜೆಗೆ ಕುಳಿತಳು. ನಾನು ಕೆಲಸಕ್ಕೆ ಹೋಗಿರಲಿಲ್ಲ. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಇದ್ದದ್ದು ಎಷ್ಟೋ ತಿಂಗಳ ಮೇಲೆ. ಎಡಗೈಯ ಲಿಂಗಕ್ಕೆ ನೀರು ಎರೆದು, ಆ ನೀರನ್ನು ಬಟ್ಟಲಲ್ಲಿ ಹಿಡಿದಳು. ವಿಭೂತಿ ಹಚ್ಚಿ ಕಣ್ಣು ಮುಚ್ಚಿ ಕುಳಿತು, ಮುಗಿಸಿ ಎದ್ದಳು. ಎದ್ದವಳು ಬಟ್ಟಲು ಹಿಡಿದು ನೇರವಾಗಿ ಮಂಚದ ಹತ್ತಿರ ಹೋಗಿ, ಎಡಗೈ ಮುಂದೆ ಚಾಚಿದಳು, ತಲೆ ಎತ್ತಿ ಹಿಡಿಯುವವರ ಹಾಗೆ.

ಮಂಚದ ಮೇಲೆ ಹಾಸಿಗೆ ಇರಲಿಲ್ಲ. ಹಗ್ಗ ಕಾಣುತ್ತಿತ್ತು. ಅಕ್ಕ ಹಾಗೇ ನಿಂತಳು.

‘ರೂಢಿ ಆಗ್ಯದ ನೋಡು,’ ಎಂದಳು ನನ್ನ ಕಡೆ ತಿರುಗದೆ.

‘ಏನು ರೂಢಿ?’

‘ನೀ ಕೆಲಸಕ್ಕ ಹೋದ ಮ್ಯಾಲ ಪೂಜಿ ಮುಗಿಸಿ ಮೊದಲ ಆಕಿಗೇ ಕೊಡ್ತಿದ್ದೆ. ದಿನಾ. ಮೊದಮೊದಲ ಕೆಮ್ಮತಿದ್ದಳು. ಆಮ್ಯಾಲ ಒಂದ್ ಹನಿನೂ ಹೊರಗ ಹಾಕದಂಗ ತಗೋತಿದ್ದಳು.’

‘ಏನ್ ಕೊಡ್ತಿದ್ದಿ ಅಕ್ಕಾ?’

‘ಕರುಣೋದಕ. ಮತ್ತೇನು?’

ಕೇಳಬಾರದಿತ್ತು, ಆದರೂ ಕೇಳಿದೆ. ‘ಪುಡಿ ಕಲಸಿ?’

ಅವಳು ಈಗ ತಿರುಗಿದಳು. ಅತ್ತು ಬಾತ ಕಣ್ಣುಗಳಲ್ಲಿ ನಿಜವಾದ ಆಶ್ಚರ್ಯವಿತ್ತು. ‘ತಲಿ ನೆಟ್ಟಗದ ಇಲ್ಲೋ? ಕರುಣೋದಕಕ್ಕ ಯಾರರೆ ಪುಡಿ ಕಲಸ್ತಾರೇನು?’

‘ಅದೂ ನೀರ ಅಲ್ಲೇನಕ್ಕಾ?’

‘ಲಿಂಗದ ಮ್ಯಾಲಿಂದ ಇಳದದ್ದು ನೀರ ಹೆಂಗ ಆಗ್ತದ ತಮ್ಮಾ?’

ಅವಳು ಸುಳ್ಳು ಹೇಳಿರಲಿಲ್ಲ. ಡಾಕ್ಟರ ಮುಂದೆ ಮಾಡಿದ ಆಣೆಯೂ ಸುಳ್ಳಲ್ಲ. ನೀರು ಕೊಡಬಾರದು ಎಂದರು, ಅವಳು ಕೊಡಲಿಲ್ಲ. ನಮ್ಮ ಮನೆಗಳಲ್ಲಿ ಹುಟ್ಟಿದ ಕೂಸಿಗೂ ಸಾಯುವವರಿಗೂ ತುಟಿಗೆ ತಾಗಿಸುವುದು ಅದನ್ನೇ. ಅದನ್ನು ನೀರಿನ ಜೊತೆ ಎಣಿಸುವುದು ಯಾರಿಗೂ ತೋಚುವುದಿಲ್ಲ. ಕೆಮ್ಮು ನಿಂತಾಗ ಅವಳು ಕಂಡದ್ದು ಕರುಣೆಯನ್ನೇ. ಆಸ್ಪತ್ರೆಯವರು ಕಂಡದ್ದು ನನ್ನನ್ನು.

ಅವತ್ತು ನನಗೆ ಬಾಯಿ ತೆರೆಯಲು ಸಮಯವಿತ್ತು. ಗಂಟಲಿನ ಎರಡು ದಾರಿಯ ಮಾತು, ತೆಳ್ಳಗಿನದರ ಮಾತು, ತಿಳಿಯುವುದು ನಿಂತ ಗಂಟಲಿನ ಮಾತು, ಎಲ್ಲ ನನಗೆ ಬರುತ್ತಿತ್ತು. ಹೇಳಲಿಲ್ಲ. ಇದನ್ನು ಯಾರೂ ದೊಡ್ಡತನ ಎಂದು ತಿಳಿಯಬಾರದು. ಹೇಳಿದರೆ ಅವಳಿಗೆ ಅರ್ಥವಾಗಿಬಿಡಬಹುದು ಎಂಬ ಹೆದರಿಕೆ ಒಂದು. ಹೇಳಿದರೂ ಅರ್ಥವಾಗದೆ, ಅದು ನೀರಲ್ಲ ಎಂದು ಇನ್ನೊಮ್ಮೆ ಹೇಳಿ, ಮತ್ತೆ ಚಹಾದ ಮಾತು ಎತ್ತಿದರೆ ಎಂಬುದು ಇನ್ನೊಂದು. ಆ ಎರಡನೆಯದು ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ.

ಅಕ್ಕ ಈಗಲೂ ನನ್ನ ಜೊತೆಯಲ್ಲೇ ಇದ್ದಾಳೆ. ರೊಟ್ಟಿ ಬಡಿಯುತ್ತಾಳೆ, ನಾನು ಉಣ್ಣುತ್ತೇನೆ. ಉಳಿದ ಪುಡಿಯ ಡಬ್ಬಿಯನ್ನು ಅವಳು ಎಸೆದಿಲ್ಲ, ಶೇಂಗಾ ಹಿಂಡಿಯ ಡಬ್ಬಿಯ ಪಕ್ಕ ಇಟ್ಟಿದ್ದಾಳೆ. ಕುರಕುಂಟಾದಿಂದ ಯಾರಾದರೂ ಬಂದು ಮಗಳ ಮಾತು ತೆಗೆದರೆ, ‘ಹೋಗ್ಲಿ ಬಿಡ್ರಿ, ಪಾಪ, ಅವನರೆ ಏನ್ ಬೇಕಂತ ಮಾಡ್ಯಾನೇನು?’ ಎನ್ನುತ್ತಾಳೆ. ನನ್ನ ಪರವಾಗಿ ಹೇಳುತ್ತಾಳೆ. ನಾನು ಆ ಹೊತ್ತಿಗೆ ಎದ್ದು ಅಂಗಳಕ್ಕೆ ಹೋಗುತ್ತೇನೆ.

ಪೂಜೆಯನ್ನು ಈಗ ನಾನು ಕೆಲಸಕ್ಕೆ ಹೊರಡುವ ಮೊದಲೇ ಮುಗಿಸುತ್ತಾಳೆ. ಕೊಡಲು ಬೇರೆ ಯಾರೂ ಇಲ್ಲವಲ್ಲ. ಬಟ್ಟಲು ಹಿಡಿದು ಬಾಗಿಲ ಹತ್ತಿರ ಬಂದು, ‘ಕೈ ಹಿಡಿ ತಮ್ಮಾ,’ ಎನ್ನುತ್ತಾಳೆ. ಬಲಗೈ ಹಿಡಿಯುತ್ತೇನೆ. ಅಂಗೈಯ ಗುಳಿಯಲ್ಲಿ ಬೀಳುವುದು ತೆಳ್ಳಗೆ, ತಣ್ಣಗೆ ಇರುತ್ತದೆ. ಬೆರಳ ಸಂದಿಯಿಂದ ಸೋರುವ ಮೊದಲೇ ಬಾಯಿಗೆ ಹಾಕಿಕೊಳ್ಳುತ್ತೇನೆ. ಗದ್ದ ಎದೆಗೆ ತಾಗಿಸಿ ನುಂಗುತ್ತೇನೆ. ಅದನ್ನು ನೋಡಿ ಅಕ್ಕನಿಗೆ ಸಮಾಧಾನ. ತಮ್ಮನಿಗೆ ಈಗೀಗ ಭಕ್ತಿ ಬಂದಿದೆ, ತಲೆ ಬಾಗಿಸಿ ತಗೋತಾನೆ ಎಂದು ನೆರೆಯವರಿಗೆ ಹೇಳಿಕೊಂಡಿದ್ದಾಳೆ.